ಮೇಲೆ ಗಟ್ಟಿ, ಒಳಗೆ ಅಂಟಂಟು

ಉಪ್ಪಾರಹಳ್ಳಿ, ತುಮಕೂರು
15–11–2025, ಶನಿವಾರ ಸಂಜೆ

ಅಪ್ಪಾ,

ನಿನ್ನ ಮಗಳು ಅರುಣಾ ಮಾಡುವ ನಮಸ್ಕಾರ. ಅಮ್ಮನಿಗೂ.

ನಿನ್ನ ಮೇಲೆ ಕೊಬ್ಬರಿ ಸಂಘದ ಅಧ್ಯಕ್ಷರಿಗೆ ಮೂಗರ್ಜಿ ಬರೆದವಳು ನಾನು. ಅಂಜನಪ್ಪ ಮಾವ ಅಲ್ಲ.

ಗೌರಿ ಹಬ್ಬದ ಮಾರನೆಯ ದಿನ ನೀನು ತೂಕದ ಶೆಡ್ಡಿಗೆ ಹೋದಮೇಲೆ ನಡುಮನೆಯ ಕಿಟಕಿಯಲ್ಲಿದ್ದ ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು ಬರೆದೆ. ಅದು ಅಂಜನಪ್ಪ ಮಾವನ ಗೋಣಿಚೀಲದ ಅಂಗಡಿಯ ಪುಸ್ತಕ. ಬೇಕೆಂದು ತೆಗೆದುಕೊಂಡದ್ದಲ್ಲ, ಕೈಗೆ ಸಿಕ್ಕಿದ್ದು ಅದು. ನೀನು ಅಕ್ಷರ ಗುರುತಿಸಬಾರದೆಂದು ಎಡಗೈಯಲ್ಲಿ ಬರೆದೆ. ಅದು ಮಾತ್ರ ಬೇಕೆಂದೇ ಮಾಡಿದ್ದು. ಹಾಳೆಯ ಹಸಿರು ಗೆರೆ ನೋಡಿ ನೀನು ‘ಇದು ಅಂಜನಪ್ಪುಂದೇ’ ಎಂದೆಯಂತೆ. ಇಪ್ಪತ್ತು ವರ್ಷ ನಿನ್ನ ಬುತ್ತಿಗೆ ಅವರು, ಅವರ ಬುತ್ತಿಗೆ ನೀನು ಕೈ ಹಾಕಿ ಉಂಡವರು ಈಗ ಒಬ್ಬರ ಬಾಗಿಲಿಗೆ ಇನ್ನೊಬ್ಬರು ಹೋಗುವುದಿಲ್ಲ. ಇದನ್ನು ತಿಮ್ಮರಾಜು ಮಾವ ಹೇಳಿದಾಗಲೂ ನಾನು ಬಾಯಿ ಬಿಡಲಿಲ್ಲ. ಎರಡೂವರೆ ತಿಂಗಳು ಬಿಡಲಿಲ್ಲ.

ಫೋನಿನಲ್ಲಿ ಹೇಳೋಣವೆಂದರೆ ನನ್ನ ನಂಬರ್ ಕಂಡರೆ ನೀನು ಎತ್ತುವುದಿಲ್ಲ. ಅಮ್ಮನ ಫೋನಿಗೆ ಮಾಡಿದರೆ ಅಮ್ಮ ಅಳುತ್ತಾಳೆ, ಮಾತು ಮುಂದಕ್ಕೆ ಹೋಗುವುದಿಲ್ಲ. ಅದಕ್ಕೆ ಈ ಪತ್ರ. ತಿಮ್ಮರಾಜು ಮಾವ ಈಗ ಇಲ್ಲಿಗೆ ಟೆಂಪೋದಲ್ಲಿ ಲೋಡ್ ತಂದಿದ್ದಾರೆ. ರಾತ್ರಿ ಊಟದ ಹೊತ್ತಿಗೆ ಗುಬ್ಬಿ ಸೇರಿ ನಿನ್ನ ಕೈಗೇ ಕೊಡುತ್ತೇನೆಂದು ಒಪ್ಪಿದ್ದಾರೆ. ಪೂರ್ತಿ ಓದು. ಅರ್ಧಕ್ಕೆ ಹರಿದು ಹಾಕಬೇಡ. ಸೋಮವಾರ ಸಂಘದ ಸಭೆಯಲ್ಲಿ ನೀನು ಯಾವ ಕಾಗದಕ್ಕೂ ರುಜು ಹಾಕಬಾರದು. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಮೇಷ್ಟ್ರೇ ಉತ್ತರ ಹೇಳಿಕೊಡುತ್ತಿದ್ದಾರೆಂದು ಪೇಪರ್ ಬಿಟ್ಟು ಎದ್ದು ಬಂದವಳು ನಾನು. ಮತ್ತೆ ಆ ಶಾಲೆಯ ಕಡೆ ತಲೆ ಹಾಕಲಿಲ್ಲ. ಆಗ ನೀನು ಬೈಯಲಿಲ್ಲ. ‘ಹರಿಶ್ಚಂದ್ರನ ವಂಶ ಅಳ್ದೋಯ್ತು ಅಂದ್ಕೊಂಡಿದ್ದೆ, ನಮ್ಮನೇಲೊಂದು ಉಳ್ಕಂಡೈತೆ’ ಎಂದು ನಕ್ಕೆ. ಆಮೇಲೆ ಗಾರ್ಮೆಂಟ್ಸಿನಲ್ಲಿ ಐದು ತಿಂಗಳು, ಮೊಬೈಲ್ ಅಂಗಡಿಯಲ್ಲಿ ನಾಲ್ಕು ತಿಂಗಳು. ಎಲ್ಲಿ ಹೋದರೂ ಯಾರದೋ ಮೋಸ ಕಾಣುತ್ತಿತ್ತು, ಜಗಳ ಮಾಡಿ ಬರುತ್ತಿದ್ದೆ. ಕೊನೆಗೆ ರಘುನಂದನ ಸಾರ್ ಅವರ ಯೂನಿಟ್ಟಿನಲ್ಲಿ ನಿಂತೆ. ನಾನು ನಿಂತ ಜಾಗ ಎಂಬ ಒಂದೇ ಕಾರಣಕ್ಕೆ ಈ ಮಾರ್ಚಿನಲ್ಲಿ ನೀನು ತೊಲೆ ತಕ್ಕಡಿಯನ್ನು ಅಟ್ಟಕ್ಕೆ ಹಾಕಿ ನಮ್ಮ ಯೂನಿಟ್ಟಿನ ಎಲೆಕ್ಟ್ರಾನಿಕ್ ತೂಕದ ಯಂತ್ರ ಕೊಂಡೆ. ಅದರ ತಟ್ಟೆ ಹೊಳೆಯುವುದನ್ನು ತೋರಿಸಿ ಬಂದವರಿಗೆಲ್ಲ ‘ನಮ್ಮುಡ್ಗಿ ಮಾಡಿದ್ದು’ ಎಂದು ಹೇಳುತ್ತಿದ್ದೆ.

ಹಬ್ಬಕ್ಕೆ ಬಂದಾಗ ನಾನು ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವ ಮೊದಲೇ ನೀನು ಒಳಗಿರುತ್ತಿದ್ದೆ. ಯಂತ್ರದ ಮೇಲೆ ಕಂಬಳಿ ಹೊದಿಸಿರುತ್ತಿತ್ತು. ಕಂಬಳಿಯ ಕೆಳಗೆ ಒಂದು ಹಳೇ ಬಲ್ಬು ಉರಿಯುತ್ತಿತ್ತು. ನಾನು ಹತ್ತಿರ ಬಂದರೆ ‘ಒಳಿಕ್ಕೋಗು, ಇಲ್ಲೇನೈತೆ ನಿಂಗೆ’ ಎನ್ನುತ್ತಿದ್ದೆ. ಜನ ಬಂದ ಮೇಲೆ ಒಂದೊಂದು ಮೂಟೆ ತಟ್ಟೆಗೆ ಏರಿಸುವ ಮೊದಲೂ ನಿನ್ನ ಹೆಬ್ಬೆರಳು ಸೊನ್ನೆಯ ಗುಂಡಿಗೆ ಹೋಗುತ್ತಿತ್ತು. ಒಂದು ಮೂಟೆಗೆ ಒಂದು ಸಲವಲ್ಲ, ಎರಡು, ಮೂರು ಸಲ. ಮೈಯನ್ನು ಅಡ್ಡ ಮಾಡಿ, ಯಾರಿಗೂ ಕಾಣದ ಹಾಗೆ ಒತ್ತುತ್ತಿದ್ದೆ. ನನಗೆ ಕಂಡಿತು.

ಕಡಬದ ಶಿವರುದ್ರಮ್ಮನಿಗೂ ಕಂಡಿತು. ಆಕೆ ನಾಲ್ಕು ಮೂಟೆ ಕೊಬ್ಬರಿ ತಂದಿದ್ದಳು. ಬೇರೆ ಕಡೆ ತೂಗಿಸಿದ್ದಕ್ಕೂ ನಿನ್ನ ತೂಕಕ್ಕೂ ಮೂರು ಕೇಜಿ ವ್ಯತ್ಯಾಸ. ಸೊಂಟದ ಮೇಲೆ ಕೈ ಇಟ್ಟುಕೊಂಡು, ‘ಗೋವಿಂದ್ರಾಜಣ್ಣ, ನಿನ್ ಬೆರಳ್ಗೂ ಒಂದ್ ತೂಕ ಐತೇನಣ್ಣ? ಐತೆ ಅಂದ್ರೆ ಅದುನ್ನೂ ಬರ್ಕೊ’ ಎಂದಳು. ಸುತ್ತಲಿದ್ದವರು ನಕ್ಕರು. ನೀನು ತಲೆ ಎತ್ತಲಿಲ್ಲ. ತಪ್ಪು ಮಾಡದವನು ತಲೆ ಎತ್ತುತ್ತಾನೆ ಎಂದು ನಾನು ಅಂದುಕೊಂಡೆ.

ಆ ರಾತ್ರಿ ಕೇಳಿದೆನಲ್ಲ, ‘ಏನಪ್ಪಾ ಅದು ಬೆರಳು?’ ಎಂದು. ನೀನು ಮುದ್ದೆ ಮುರಿಯುತ್ತಾ, ‘ನಿನ್ ಮಿಷನ್ನೇ ಕೇಳೋಗು’ ಎಂದೆ. ನನಗೆ ಅದು ಕಳ್ಳನ ಮಾತಿನಂತೆ ಕೇಳಿಸಿತು. ‘ಮಿಷನ್ ಸುಳ್ಳು ಹೇಳಲ್ಲ, ಮನುಷ್ಯರು ಹೇಳ್ತಾರೆ’ ಎಂದೆ. ನೀನು ತಟ್ಟೆ ಬಿಟ್ಟು ಎದ್ದೆ. ಮಾರನೆಯ ದಿನ ನಾನು ಮೂಗರ್ಜಿ ಬರೆದೆ. ಮೇಷ್ಟ್ರ ಮುಖಕ್ಕೆ ಹೇಳಿ ಬಂದವಳಿಗೆ ಅಪ್ಪನ ಮೇಲಿನ ಅರ್ಜಿಗೆ ಹೆಸರು ಹಾಕುವ ಧೈರ್ಯ ಬರಲಿಲ್ಲ. ನನ್ನ ಸತ್ಯ ಅಷ್ಟರದ್ದೇ ಎಂದು ಅವತ್ತೇ ತಿಳಿಯಬೇಕಿತ್ತು.

ಈಗ ಮುಂದಿನದು. ಇದು ಸ್ವಲ್ಪ ನಮ್ಮ ಕೆಲಸದ ಮಾತು. ನಿಧಾನವಾಗಿ ಓದು.

ನಿನ್ನ ಯಂತ್ರದ ತಟ್ಟೆಯ ಕೆಳಗೆ ಗೇಣುದ್ದದ ಒಂದು ಅಲ್ಯೂಮಿನಿಯಂ ತುಂಡು ಇದೆ. ಅದಕ್ಕೆ ಲೋಡ್ ಸೆಲ್ ಎನ್ನುತ್ತೇವೆ. ತೂಗುವುದು ಅದೇ, ಉಳಿದದ್ದೆಲ್ಲ ಅಂಕಿ ತೋರಿಸುವ ಡಬ್ಬಿ. ಭಾರ ಬಿದ್ದಾಗ ಆ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಹೊಟ್ಟೆಯೊಳಗೆ ಅಂಟಿಸಿರುವ ಬೆರಳುಗುರಿನಷ್ಟು ತೆಳು ಪಟ್ಟಿ ಆ ಬಾಗನ್ನು ಹಿಡಿದು, ಕೂದಲಿನಂಥ ತಂತಿಗಳಲ್ಲಿ ಕಳಿಸುತ್ತದೆ. ಆ ಪಟ್ಟಿಗೆ ತೇವ ತಗುಲಬಾರದು. ಇಬ್ಬನಿಯ ತೇವ ಸಾಕು, ಲೆಕ್ಕ ತಪ್ಪುತ್ತದೆ. ಅದಕ್ಕೇ ಆ ಹೊಟ್ಟೆಯ ತುಂಬ ರೆಸಿನ್ ಎಂಬ ಅಂಟು ಸುರಿದು ಮುಚ್ಚುತ್ತೇವೆ. ಸುರಿಯುವುದು ನನ್ನ ಮತ್ತು ಯಶಸ್ವಿನಿಯ ಕೆಲಸ. ಯಶಸ್ವಿನಿ ಯಾರೆಂದು ನಿನಗೆ ಗೊತ್ತು, ಈ ರೂಮಿನಲ್ಲಿ ನನ್ನ ಜೊತೆ ಇರುವವಳು.

ಎರಡು ಡಬ್ಬಿ ಇರುತ್ತವೆ. ಒಂದರಲ್ಲಿ ಕಪ್ಪು ರೆಸಿನ್. ಅದರಲ್ಲಿ ಪುಡಿ ಸೇರಿರುತ್ತದೆ, ಕೆಸರಿನಂತೆ ಭಾರ. ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್, ಸೀಮೆಎಣ್ಣೆಯಂತೆ ತೆಳ್ಳಗೆ, ಹಗುರ. ನೂರು ಗ್ರಾಮಿಗೆ ಇಪ್ಪತ್ತು ಗ್ರಾಮ್ ತೂಗಿ ಬೆರೆಸಬೇಕು. ಗುಳ್ಳೆ ಹೋಗುವವರೆಗೆ ಗಾಳಿ ತೆಗೆಯುವ ಡಬ್ಬಿಯಲ್ಲಿಡಬೇಕು. ಸುರಿದು, ಬಿಸಿ ಪೆಟ್ಟಿಗೆಯಲ್ಲಿಟ್ಟು, ಮಾರನೆಯ ದಿನ ತೆಗೆದರೆ ಚಪ್ಪಲಿಯ ಅಟ್ಟೆಯ ಹಾಗೆ ಆಗಿರುತ್ತದೆ. ಆಮೇಲೆ ಅದರೊಳಗೆ ಏನಿದೆಯೆಂದು ದೇವರಿಗೂ ಕಾಣುವುದಿಲ್ಲ.

ಹತ್ತು ದಿನದ ಹಿಂದೆ ನಮ್ಮ ಟೇಬಲ್ಲಿಗೆ ಒಂದು ಹಳೇ ಸೆಲ್ ಬಂತು. ಡೀಲರ್ ಹೊಸದು ಹಾಕಿ, ಕೆಟ್ಟದ್ದನ್ನು ಕಳಿಸಿದ್ದ. ಚೀಟಿಯಲ್ಲಿ ನಿನ್ನ ಹೆಸರಿತ್ತು.

ಅದನ್ನು ಬಿಚ್ಚುವಾಗ ನನಗೆ ಇದ್ದ ಆಸೆಯೇನು ಗೊತ್ತೇ? ನೀನು ಅದಕ್ಕೆ ಏನೋ ಮಾಡಿರುವೆ, ತೂತು ಕೊರೆದಿರುವೆ, ತಂತಿ ತಿರುಚಿರುವೆ, ಅದು ಸಿಗಲಿ ಎಂದು. ಸಿಕ್ಕರೆ ನನ್ನ ಮೂಗರ್ಜಿ ಸರಿಯಾಗುತ್ತಿತ್ತು. ಬ್ಲೇಡ್ ಹಾಕಿದೆ. ಮೇಲಿನ ಪದರ ಗಟ್ಟಿಯಾಗಿತ್ತು, ಎಲ್ಲೂ ಗೀರಿಲ್ಲ. ಅದನ್ನು ಕಿತ್ತರೆ ಒಳಗಿನ ರೆಸಿನ್ ಬ್ಲೇಡಿನ ಜೊತೆ ನೂಲು ನೂಲಾಗಿ ಎದ್ದು ಬಂತು, ಪಾಕ ಬಾರದ ಬೆಲ್ಲದ ಹಾಗೆ. ಒಂಬತ್ತು ತಿಂಗಳಾದರೂ ಅಂಟಂಟು. ಅಂಚಿನಲ್ಲಿ ಹಿಡಿತ ಬಿಟ್ಟು ಸಂದಾಗಿತ್ತು, ಪಟ್ಟಿಯ ಮೇಲೆ ಹಸಿರು ಕಿಲುಬು.

ಆಗಲೂ ನಾನು ನನ್ನನ್ನು ನೋಡಿಕೊಳ್ಳಲಿಲ್ಲ. ಮೊದಲು ರೆಸಿನ್ ಕಳಿಸಿದ ಕಂಪನಿಯ ಮೇಲೆ ಅನುಮಾನಪಟ್ಟೆ. ಆಮೇಲೆ ಯಶಸ್ವಿನಿಯ ಮೇಲೆ. ಅವಳು ಫೋನ್ ನೋಡುತ್ತಾ ಬೆರೆಸುತ್ತಾಳೆ ಎಂದು ಅವಳ ಮುಖಕ್ಕೇ ಹೇಳಿದೆ. ಅವಳು ‘ಶೆಲ್ಫಲ್ಲಿರೋ ಮುಚ್ಚಳ ತೆಗ್ದ್ ನೋಡು ಕಣೇ, ಬಾಯ್ ಆಮೇಲ್ ಮಾಡುವಂತೆ’ ಎಂದಳು.

ನಮ್ಮಲ್ಲೊಂದು ಪದ್ಧತಿ ಇದೆ. ಪ್ರತಿ ಸಲ ಬೆರೆಸಿದಾಗಲೂ ಉಳಿದ ರೆಸಿನ್ನನ್ನು ನೀರಿನ ಬಾಟಲಿಯ ಒಂದು ಮುಚ್ಚಳಕ್ಕೆ ಸುರಿದು, ತಾರೀಖು, ಬೆರೆಸಿದವರ ಮೊದಲ ಅಕ್ಷರ ಬರೆದು ಶೆಲ್ಫಿನಲ್ಲಿಡುತ್ತೇವೆ. ಮಾರನೆಯ ದಿನ ಅದನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಮಾತ್ರ ಆ ದಿನದ ಸೆಲ್ಲುಗಳನ್ನು ಪಾಸ್ ಮಾಡಬೇಕು. ನಿನ್ನ ಸೆಲ್ಲಿನ ತಾರೀಖಿನ ಮುಚ್ಚಳ ಹುಡುಕಿದೆ. ಹದಿನೇಳು ಫೆಬ್ರುವರಿ. ಮೇಲೆ ‘ಅ’ ಎಂದಿತ್ತು. ಒತ್ತಿದೆ. ನನ್ನ ಹೆಬ್ಬೆರಳಿನ ಗೆರೆಗಳು ಅದರಲ್ಲಿ ಅಚ್ಚಾದವು.

ಆಗ ನೆನಪಾಯಿತು. ಅವತ್ತು ಬೆಳಿಗ್ಗೆ ನಮ್ಮ ಟೇಬಲ್ಲಿನ ಪುಟ್ಟ ತೂಕದ ಯಂತ್ರದ ಬ್ಯಾಟರಿ ಸತ್ತುಹೋಗಿತ್ತು. ‘ತೂಕದ್ ಮಿಷನ್ ಮಾಡೋರ್ ಮನೇಲಿ ತೂಗಕ್ ಗತಿ ಇಲ್ಲ’ ಎಂದು ಯಶಸ್ವಿನಿ ನಕ್ಕಳು. ಬ್ಯಾಟರಿ ಬರುವವರೆಗೆ ಕಾಯೋಣವೆಂದಳು. ನನಗೆ ಕಾಯುವುದು ಆಗುವುದಿಲ್ಲ, ನಿನಗೆ ಗೊತ್ತು. ನೂರಕ್ಕೆ ಇಪ್ಪತ್ತು ಎಂದರೆ ಐದಕ್ಕೆ ಒಂದು ತಾನೇ? ಟೀ ಲೋಟ ತೆಗೆದುಕೊಂಡೆ. ಐದು ಲೋಟ ರೆಸಿನ್, ಒಂದು ಲೋಟ ಹಾರ್ಡನರ್. ಅಮ್ಮ ಇಡ್ಲಿಗೆ ಅಕ್ಕಿ ಉದ್ದು ಅಳೆಯುವ ಹಾಗೆ.

ಐದು ಲೋಟ ಕೆಸರು ಒಂದು ಲೋಟ ಸೀಮೆಎಣ್ಣೆಯ ಐದರಷ್ಟು ತೂಗುವುದಿಲ್ಲ, ಎಂಟರಷ್ಟು ತೂಗುತ್ತದೆ. ಹಾರ್ಡನರ್ ಕಡಿಮೆ ಬಿತ್ತು. ಸೇರಿನಲ್ಲಿ ಅಳೆದುಕೊಂಡು ಬಂದವರಿಗೆಲ್ಲ ‘ಅಳ್ತೆ ಬ್ಯಾರೆ ತೂಕ ಬ್ಯಾರೆ ಕಣ್ರಪ್ಪ’ ಎಂದು ನೀನು ತಿಳಿಹೇಳುವುದನ್ನು ಕೇಳಿಕೊಂಡೇ ಬೆಳೆದವಳು ನಾನು. ತೂಕದವನ ಮಗಳು ಮಾಡಬಾರದ ತಪ್ಪು ಅದೊಂದೇ, ಅದನ್ನೇ ಮಾಡಿದೆ. ಮಾರನೆಯ ದಿನ ಮುಚ್ಚಳ ಒತ್ತಲೂ ಇಲ್ಲ. ಬಿಸಿ ಪೆಟ್ಟಿಗೆಯಿಂದ ತೆಗೆದ ಸೆಲ್ಲುಗಳ ಮೇಲ್ಪದರವನ್ನು ಉಗುರಿನಿಂದ ತಟ್ಟಿ, ಗಟ್ಟಿಯಿದೆ ಎಂದು ಪಾಸ್ ಬರೆದೆ.

ಬೇಸಿಗೆಯಲ್ಲಿ ಯಂತ್ರ ಸರಿಯಾಗಿತ್ತು. ಮಳೆ ಹಿಡಿದ ಮೇಲೆ ಖಾಲಿ ತಟ್ಟೆಯ ಮೇಲೂ ಅಂಕಿ ತೆವಳತೊಡಗಿತು. ಅದಕ್ಕೆ ನೀನು ಸೊನ್ನೆ ಒತ್ತುತ್ತಿದ್ದೆ. ಬಿಸಿ ಮಾಡಿದರೆ ನೆಟ್ಟಗಾಗುತ್ತದೆಂದು ಯಾರೂ ಹೇಳಿಕೊಡದೆ ಕಂಡುಕೊಂಡು ಬಲ್ಬು ಇಟ್ಟೆ, ಕಂಬಳಿ ಹೊದಿಸಿದೆ. ನಾನು ಕದಿಯುವುದೆಂದು ತಿಳಿದದ್ದೆಲ್ಲ ನೀನು ತೂಕವನ್ನು ನೇರ ಮಾಡಲು ಪಟ್ಟ ಪಾಡು.

ರಘುನಂದನ ಸಾರ್‌ಗೆ ಅವತ್ತೇ ಈ ಸೆಲ್ಲಿನ ವಿಷಯ ಹೇಳಿದೆ. ಅವರು ಕೆಟ್ಟವರಲ್ಲ. ಕೂಗಾಡಲಿಲ್ಲ. ‘ನೋಡಮ್ಮಾ ಅರುಣಾ, ಒಂದು ಸೆಲ್ ತಾನೇ, ಬದಲಾಯಿಸಿ ಆಯಿತಲ್ಲ. ಗಿರಾಕಿ ನೀರು ನುಗ್ಗಿಸಿಕೊಂಡಿದ್ದಾರೆ ಅಂತ ರಿಜಿಸ್ಟರಲ್ಲಿ ಬರೆದುಬಿಡು’ ಎಂದರು. ಆ ಗಿರಾಕಿ ನಮ್ಮಪ್ಪ ಎಂದೆ. ಕನ್ನಡಕ ಒರೆಸಿಕೊಂಡು, ‘ಹಾಗಾದರೆ ಇನ್ನೂ ಒಳ್ಳೆಯದಾಯಿತು, ಅವರು ಜಗಳಕ್ಕೆ ಬರುವುದಿಲ್ಲ’ ಎಂದರು. ನಾನು ಹಾಗೆ ಬರೆಯಲಿಲ್ಲ. ‘ಬೆರಕೆ ತಪ್ಪು, ಬೆರೆಸಿದವಳು ಅರುಣಾ’ ಎಂದು ಬರೆದೆ. ಮಾರನೆಯ ದಿನ ಆ ಪುಟ ರಿಜಿಸ್ಟರಿನಲ್ಲಿ ಇರಲಿಲ್ಲ. ಅದರ ಮಾರನೆಯ ದಿನ ಶೆಲ್ಫಿನ ಮುಚ್ಚಳಗಳನ್ನೆಲ್ಲ ಗುಡಿಸಿ ಹಾಕಿದ್ದರು, ಕ್ಲೀನಿಂಗ್ ಅಂತೆ. ಅಷ್ಟು ಹೊತ್ತಿಗೆ ಫೆಬ್ರುವರಿಯ ಮುಚ್ಚಳವೂ ನಿನ್ನ ಸೆಲ್ಲೂ ನನ್ನ ಬ್ಯಾಗಿನಲ್ಲಿದ್ದವು. ಹೇಳದೆ ತಂದದ್ದು ಕಳ್ಳತನವೇ. ಅದಕ್ಕೆ ಏನೇನು ತೆಗೆದುಕೊಂಡು ಹೋಗುತ್ತಿದ್ದೇನೆಂದು ಚೀಟಿ ಬರೆದು, ಈ ಸಲ ಬಲಗೈಯಲ್ಲೇ ರುಜು ಹಾಕಿ, ಸಾರ್ ಟೇಬಲ್ ಮೇಲೆ ಇಟ್ಟು ಬಂದಿದ್ದೇನೆ. ಇನ್ನು ಅಲ್ಲಿ ಕೆಲಸವಿಲ್ಲ. ಅವರು ಬಿಡಿಸಿದರೋ ನಾನು ಬಿಟ್ಟೆನೋ ಎಂಬುದು ಇಬ್ಬರಿಗೂ ಸರಿಯಾಗಿ ಗೊತ್ತಿಲ್ಲ.

ಇವತ್ತು ಮಧ್ಯಾಹ್ನ ತಿಮ್ಮರಾಜು ಮಾವನಿಗೆ ಇದನ್ನೆಲ್ಲ ಹೇಳಿದೆ. ಆಗ ಅವರು ಸಭೆಯ ವಿಷಯ ಹೇಳಿದರು. ಬೆರಳಿನ ಕೈಚಳಕದಿಂದ ತೂಕ ಹೊಡೆದೆ ಎಂದು ನೀನು ಬರೆದುಕೊಡಬೇಕಂತೆ, ಮುಂದೆ ಗುಬ್ಬಿಯಲ್ಲಿ ತೂಕಕ್ಕೆ ನಿಲ್ಲಬಾರದಂತೆ, ಆಗ ಪೊಲೀಸಿಗೆ ಕೊಡುವುದಿಲ್ಲವಂತೆ. ನೀನು ಒಪ್ಪಿದ್ದೀಯಂತೆ. ಅಪ್ಪ ಯಾಕೆ ಒಪ್ಪಿದ ಎಂದು ಕೇಳಿದೆ. ಮಾವ ಬೀಡಿ ಆರಿಸಿ ಹೇಳಿದರು: ‘ಮಿಷನ್ನೇ ಸರಿ ಇಲ್ಲ ಅಂತ ನಿಮ್ಮಪ್ಪಂಗೆ ಆಷಾಡ್ದಲ್ಲೇ ಗೊತ್ತಿತ್ತು. ಹೇಳಿ ಭಾವ ಅಂದೆ. ಮಗಿನ್ ಕೆಲ್ಸಕ್ ಕುತ್ತು ಬತ್ತದೆ, ಅದು ನೆಲೆ ನಿಂತಿರೋದೇ ಹೆಚ್ಚು, ಸುಮ್ಕಿರಲಾ ಅಂದ್ರು.’

ಅಪ್ಪಾ, ಇದು ನಿಜವೋ, ನನ್ನನ್ನು ಸಮಾಧಾನ ಮಾಡಲು ಮಾವ ಕಟ್ಟಿದ್ದೋ ನನಗೆ ತಿಳಿಯದು. ಯಾರು ಏನು ಹೇಳಿದರೂ ಅದರ ಹಿಂದೆ ಇನ್ನೇನಿದೆ ಎಂದು ನೋಡುವ ಚಟ ನನಗೆ ಹೋಗಿಲ್ಲ. ನಿಜವಾದರೆ ನನಗೆ ಸಂತೋಷವಿಲ್ಲ, ಕೋಪವಿದೆ. ನೀನು ನನಗೋಸ್ಕರ ಸುಮ್ಮನಿದ್ದೆ, ಸರಿ. ಶಿವರುದ್ರಮ್ಮನ ಮೂರು ಕೇಜಿ ಯಾರಿಗೋಸ್ಕರ ಹೋಯಿತು? ಕೆಟ್ಟ ಯಂತ್ರವೆಂದು ತಿಳಿದ ಮೇಲೂ ಅದರ ಮೇಲೆ ಮೂಟೆ ಇಳಿಸಿಕೊಂಡೆಯಲ್ಲ, ಬಲ್ಬು ಇಟ್ಟರೆ ಸಾಲುತ್ತದೆ ಎಂದುಕೊಂಡೆಯಲ್ಲ, ಅದು ನಿನ್ನ ತಪ್ಪು. ಅದನ್ನು ನೀನು ಸಭೆಯಲ್ಲಿ ಹೇಳು. ಆದರೆ ಕದ್ದೆ ಎಂದು ಬರೆದುಕೊಡಬೇಡ. ನೀನು ಕದ್ದಿಲ್ಲ. ಮಾಡಿದ ತಪ್ಪನ್ನು ಒಪ್ಪಿಕೊಳ್ಳದೆ ಮಾಡದ ತಪ್ಪಿಗೆ ರುಜು ಹಾಕುವುದು ಎಲ್ಲಿಯ ನ್ಯಾಯ? ನನ್ನನ್ನು ಕಾಪಾಡಲೆಂದೇ ಹಾಕುವುದಾದರೆ, ಕಾಪಾಡಲು ಈಗ ಏನೂ ಉಳಿದಿಲ್ಲ. ಕೆಲಸ ಹೋಗಿದೆ.

ಸೋಮವಾರ ಹನ್ನೊಂದು ಗಂಟೆಗೆ ಸಭೆಗೆ ನಾನೇ ಬರುತ್ತೇನೆ. ಸೆಲ್ಲನ್ನು ಅಧ್ಯಕ್ಷರ ಮುಂದಿಟ್ಟು, ಶಿವರುದ್ರಮ್ಮನ ಕೈಗೇ ಬ್ಲೇಡ್ ಕೊಟ್ಟು ಒಳಗಿನದನ್ನು ಮುಟ್ಟಿ ನೋಡಿ ಎನ್ನುತ್ತೇನೆ. ಮೂಗರ್ಜಿ ನನ್ನದೆಂದು ಅಲ್ಲೇ ಹೇಳುತ್ತೇನೆ. ಅವರು ನಂಬದಿರಬಹುದು. ಅಪ್ಪನನ್ನು ಉಳಿಸಲು ಮಗಳು ಕಟ್ಟಿಕೊಂಡು ಬಂದ ಕಥೆ ಎನ್ನಬಹುದು. ನಾನಾದರೂ ಹಾಗೇ ಅನ್ನುತ್ತಿದ್ದೆ. ಅನ್ನಲಿ. ನಿನ್ನ ರುಜು ಇಲ್ಲದಿದ್ದರೆ ಸಾಕು, ಉಳಿದದ್ದಕ್ಕೆ ನಾನು ನಿಂತುಕೊಳ್ಳುತ್ತೇನೆ.

ಅಂಜನಪ್ಪ ಮಾವನ ಹತ್ತಿರ ನೀನು ಮೊದಲು ಹೋಗಬೇಕೆಂದು ನಾನು ಹೇಳುವ ಹಾಗಿಲ್ಲ. ಈ ಪತ್ರವನ್ನು ಅವರಿಗೆ ಕೊಟ್ಟುಬಿಡು, ಓದಿಕೊಳ್ಳಲಿ. ಅಮ್ಮನಿಗೆ ನೀನೇ ಓದಿ ಹೇಳು. ಎಡಗೈಯ ವಿಷಯ ಬಂದಾಗ ಅವಳು ಬೈಯುತ್ತಾಳೆ, ತಡೆಯಬೇಡ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದು ಹಾಕಿದ್ದೇನೆ. ಕಾಗದದಲ್ಲಿ ಕೇಳಿದರೆ ನೀನು ಕಾಗದದಲ್ಲೇ ಕೊಟ್ಟುಬಿಡುತ್ತೀಯ. ಎದುರಿಗೆ ಬಂದೇ ಕೇಳುತ್ತೇನೆ.

ಇಂತಿ,
ಹೆಸರು ಹಾಕಿಯೇ ಬರೆದ ನಿನ್ನ ಮಗಳು,
ಅರುಣಾ

ಮರೆತದ್ದಲ್ಲ, ಬರೆಯಲು ಹಿಂಜರಿದದ್ದು: ನಾಳೆ ಭಾನುವಾರವೇ ಗುಬ್ಬಿಗೆ ಯಾಕೆ ಬರುವುದಿಲ್ಲವೆಂದು ನೀನು ಕೇಳುತ್ತೀಯ. ಅವತ್ತು ಲೋಟದಲ್ಲಿ ಅಳೆದು ನಾನು ತುಂಬಿದ್ದು ಒಂದು ಸೆಲ್ಲಲ್ಲ, ಹದಿನಾಲ್ಕು. ಉಳಿದ ಹದಿಮೂರು ಎಲ್ಲೆಲ್ಲಿಗೆ ಹೋದವೆಂದು ರಿಜಿಸ್ಟರಿನಿಂದ ಬರೆದುಕೊಂಡಿದ್ದೇನೆ. ಇದು ಸಾರ್‌ಗೂ ಗೊತ್ತಿಲ್ಲ, ತಿಮ್ಮರಾಜು ಮಾವನಿಗೂ ಹೇಳಿಲ್ಲ. ಮೊದಲನೆಯ ನಂಬರಿಗೆ ಇವತ್ತು ಫೋನ್ ಮಾಡಿದೆ. ಕುಣಿಗಲ್ಲಿನ ಒಂದು ಹುಣಸೆಹಣ್ಣಿನ ಮಂಡಿ. ಅಲ್ಲಿ ತೂಗುವವರೆಂದು ರಿಜಿಸ್ಟರಿನಲ್ಲಿದ್ದ ಕೊಲ್ಲಾಪುರಮ್ಮ ಎನ್ನುವವರಿಗೆ ಫೋನ್ ಕೊಡಿ ಎಂದೆ. ‘ಆವಮ್ಮುನ್ನ ಬಿಡ್ಸಿ ಎರಡ್ ತಿಂಗ್ಳಾಯ್ತು. ಕೈ ಸುದ್ದ ಇಲ್ಲ’ ಎಂದು ಫೋನ್ ಇಟ್ಟರು. ಬೆಳಿಗ್ಗೆ ಆರು ಗಂಟೆಯ ಬಸ್ಸಿಗೆ ಕುಣಿಗಲ್ಲಿಗೆ ಹೊರಡುತ್ತಿದ್ದೇನೆ.